ಎರಡು ಗಡಿಯಾರ, ಒಂದು ಹುಣ್ಣಿಮೆ

ಗೆದ್ದಲು ತಿಂದ ಕಟ್ಟಿಗೆಗೆ ಒಂದು ವಾಸನೆ ಇರುತ್ತದೆ. ಹೋದ ವಾರ ಮಾಮಾನ ಮೊಮ್ಮಗ ಚಿತ್ತಾಪುರದಿಂದ ಬಂದು, ಹಳೇ ಟವೆಲಿನಲ್ಲಿ ಸುತ್ತಿದ ಚೌಕಟ್ಟೊಂದನ್ನು ನನ್ನ ಮಂಚದ ಮೇಲೆ ಇಟ್ಟಾಗ ಆ ವಾಸನೆ ಮೂಗಿಗೆ ಬಡಿಯಿತು. ಬಿಚ್ಚುವ ಮೊದಲೇ ಅದೇನೆಂದು ಗೊತ್ತಾಯಿತು. ಈ ವಯಸ್ಸಿನಲ್ಲೂ ಮೈ ಉರಿಯಿತು.

"ಹಳೀ ಮನಿ ಕೆಡವಾಕತ್ತೀವಿ ಅಜ್ಜಿ. ನಮ್ಮ ಮುತ್ಯಾ ತೆಗದ ಫೋಟೊ ಇದು. ನೆನಪಿಗೆ ನಿಮ್ಮ ಹತ್ರ ಇರ್ಲಿ ಅಂತ ತಂದೀನ್ರಿ" ಅಂದ. ಒಳ್ಳೆಯ ಹುಡುಗ. ಕುಂದ್ರಪ್ಪಾ ಅಂದೆ, ಚಹಾ ಮಾಡಿಸಿದೆ.

ಮಾಮಾ ಅಂದರೆ ನನ್ನ ಅವ್ವನ ಅಣ್ಣ, ನಿಜಾಮರ ಕಾಲದಲ್ಲಿ ಚಿತ್ತಾಪುರದ ಕೋರ್ಟಿನ ವಕೀಲ. ಊರೆಲ್ಲ 'ವಕೀಲ ಸಾಹೇಬರು' ಅನ್ನುತ್ತಿತ್ತು. ಊರು ಕೊಟ್ಟ ಮರ್ಯಾದೆ ಊರೇ ಇಟ್ಟುಕೊಳ್ಳಲಿ. ನಾನು 'ಆತ' ಎಂದೇ ಬರೆಯುತ್ತೇನೆ.

ಆತನಿಗೆ ಕೈಗಡಿಯಾರದ ಹುಚ್ಚು. ಬರೀ ಹೊತ್ತು ತೋರಿಸುವುದು ಆತನ ಪಾಲಿಗೆ ಗಡಿಯಾರವೇ ಅಲ್ಲ. ತಾರೀಖು ತೋರಿಸಬೇಕು, ವಾರ ತೋರಿಸಬೇಕು, ಗುಂಡಿ ಒತ್ತಿದರೆ ಕುದುರೆಯ ಓಟ ಅಳೆಯಬೇಕು, ಕೆಳಗೆ ಸಣ್ಣ ಕಿಟಕಿಯಲ್ಲಿ ಚಂದ್ರ ಬೆಳೆದು ಕರಗಬೇಕು. ಅಂಥವು ಮುಂಬಯಿಯಿಂದ ಪಾರ್ಸಲ್ಲಾಗಿ ವಾಡಿ ಜಂಕ್ಷನ್ನಿಗೆ ಬರುತ್ತಿದ್ದವು, ಆತ ಹೋಗಿ ಕೂಸನ್ನು ತಂದ ಹಾಗೆ ಎದೆಗವಚಿ ತರುತ್ತಿದ್ದ. ಅಡುಗೆಮನೆಯಲ್ಲಿ ಮಜ್ಜಿಗೆಗೆ ಮೂರು ಸಲ ನೀರು ಬೀಳುತ್ತಿತ್ತು, ಅದು ಬೇರೆ ಮಾತು.

ಶುಕ್ರವಾರ ಕೋರ್ಟಿಗೆ ರಜೆ. ಅವತ್ತು ಪಡಸಾಲೆಯಲ್ಲಿ ಗಡಿಯಾರಗಳ ಫೋಟೊ ತೆಗೆಯುವ ಸಂಭ್ರಮ. ಶಹಾಬಾದಿನ ಕಲ್ಲಿನ ಹಾಸೊಂದಕ್ಕೆ ಎಣ್ಣೆ ತಿಕ್ಕಿ ಕರ್ರಗೆ ಮಾಡಿ, ಅದರ ಮೇಲೆ ಎರಡು ಗಡಿಯಾರ ಜೋಡಿಸಿ, ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿ ಕರಿ ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ. ಎದುರಿನಲ್ಲಿ ಸ್ನೇಹಿತರು ಕೂತಿದ್ದರೆ ಕೇಳುವುದೇ ಬೇಡ. "ಈ ಚಂದ್ರಗ ಮಾರಿ ಅದ ನೋಡ್ರಿ, ಕಣ್ಣು ಮೂಗು ಎಲ್ಲಾ. ಆ ಇನ್ನೊಂದು ಬರೇ ಬೋಳು" ಎಂದು ಹೋಲಿಸಿ ಹೋಲಿಸಿ ಹೇಳುತ್ತಿದ್ದ. ಗಡಿಯಾರದ ಗಾಜಿನ ಮೇಲೆ ಬಾಗಿಲ ಬೆಳಕು ಹೊಳೆಯಬಾರದು. ಅದಕ್ಕೆ ಬಿಳಿ ಧೋತರವೊಂದನ್ನು ಅಡ್ಡ ಹಿಡಿಯಬೇಕು. ಹಿಡಿಯುವವಳು ನನ್ನ ಅವ್ವ, ಕೆಂಪು ಸೀರೆ ಉಟ್ಟ, ತಲೆ ಬೋಳಿಸಿದ ವಿಧವೆ. ಒಲೆಯ ಮುಂದಿನಿಂದ ಎದ್ದು ಬಂದು ತೋಳು ನೋಯುವ ತನಕ ಹಿಡಿದು ನಿಲ್ಲುತ್ತಿದ್ದಳು.

"ಬೆರಳು ಬರಾಕತ್ತಾವ! ಸರಸು ಆಕಡಿ!" ಕರಿ ಬಟ್ಟೆಯೊಳಗಿಂದ ಆತನ ದನಿ.

ಫೋಟೊ ತೊಳೆಯುವ ದಿನ ಬಚ್ಚಲಮನೆಯೂ ಆತನದೇ. ಅವ್ವ ಮಡಿನೀರಿಗಾಗಿ ಹೊರಗೆ ಕಾಯುತ್ತಿದ್ದಳು... ಒಂದು ದಿನವೂ ಎದುರು ಮಾತಾಡಲಿಲ್ಲ. ಮಾತಾಡುವ ಹಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕಾಕಾ, ಅಂದರೆ ಅಪ್ಪನ ತಮ್ಮ, ಮಳಖೇಡದ ಮನೆಯಿಂದ ನಮ್ಮನ್ನು ಹೊರಗೆ ಹಾಕಿದ್ದ, ಮಾಮಾನ ಮನೆಯೇ ಗತಿಯಾಗಿತ್ತು. ಕಾಗಿಣಾ ಹೊಳೆಯ ಕಡೆಗೆ ಬಾಗಿಲಿದ್ದ ಎರಡು ಖೋಲಿ, ಒಂದು ತುಳಸಿಕಟ್ಟೆ, ಅಪ್ಪನ ಪಾಲಿನದು ಅಷ್ಟೇ. ಅದಕ್ಕಾಗಿ ಮಾಮಾ ಚಿತ್ತಾಪುರದಲ್ಲಿ ದಾವೆ ಹೂಡಿದ್ದ. ಅವ್ವ ಬದುಕಿದ್ದೇ ಆ ಎರಡು ಖೋಲಿಗೆ ವಾಪಸ್ ಹೋಗುವ ಆಸೆಯ ಮೇಲೆ. ಅಲ್ಲಿನ ಬೀಗದ ಕೈ ಆಕೆಯ ಸೊಂಟದಲ್ಲೇ ಇತ್ತು.

ಆ ಕಾಲದಲ್ಲಿ ತಾರೀಖು ಎರಡು. ಕೋರ್ಟು ಕಚೇರಿಯಲ್ಲಿ ನಡೆಯುವುದು ನಿಜಾಮ ಸರ್ಕಾರದ ಫಸಲಿ ತಾರೀಖು, ರೈಲಿಗೆ ಮತ್ತು ಮುಂಬಯಿಯ ಅಂಗಡಿಗೆ ಇಂಗ್ಲಿಷ್ ತಾರೀಖು. ಎರಡೂ ಒಂದಕ್ಕೊಂದು ಕೂಡುವುದಿಲ್ಲ. ಅದಕ್ಕೆಂದೇ ಆತ ಎರಡು ಗಡಿಯಾರ ಕಟ್ಟುತ್ತಿದ್ದ. ಎಡಗೈಯದರಲ್ಲಿ ಕೋರ್ಟಿನ ತಾರೀಖು, ಬಲಗೈಯದರಲ್ಲಿ ರೈಲಿನದು. ಪಂಚಾಂಗ ನೋಡುವವರನ್ನು ಕಂಡರೆ ಆತನಿಗೆ ನಗು.

ನಮ್ಮ ಪೇಶಿಗೆ, ಅಂದರೆ ಕೋರ್ಟು ನಮ್ಮನ್ನು ಕರೆದ ದಿನಕ್ಕೆ, ಮೊದಲಿನ ಶುಕ್ರವಾರ ಆ ಎರಡೇ ಗಡಿಯಾರಗಳನ್ನು ಪಕ್ಕಪಕ್ಕ ಇಟ್ಟು ಫೋಟೊ ತೆಗೆದ. ಹೋಲಿಕೆ ಚೊಕ್ಕ ಕಾಣಬೇಕಾದರೆ ಎರಡರಲ್ಲೂ ಎಲ್ಲ ಒಂದೇ ಆಗಿರಬೇಕಂತೆ. ಹೊತ್ತು ಒಂದೇ ಮಾಡಿದ. ಪಕ್ಕದ ಸಣ್ಣ ಗುಂಡಿಯನ್ನು ಸೂಜಿಯಿಂದ ಒತ್ತಿ ಒತ್ತಿ ತಾರೀಖಿನ ಮುಳ್ಳು ಒಂದೇ ಕಡೆ ತಂದ. ಎರಡರ ಚಂದ್ರನನ್ನೂ ತುಂಬು ಹುಣ್ಣಿಮೆಗೆ ನಿಲ್ಲಿಸಿದ. ಆಮೇಲೆ ರೈಲಿನ ಗಡಿಯಾರ ಸರಿಮಾಡಿದ, ಯಾಕೆಂದರೆ ವಾಡಿಗೆ ಹೊಸ ಪಾರ್ಸಲ್ಲು ಬರುವುದಿತ್ತು. ಕೋರ್ಟಿನದನ್ನು ಹಾಗೆಯೇ ಕಟ್ಟಿಕೊಂಡ. ಪೇಶಿಗಳ ನೆನಪು ಮಾಡಿಕೊಡುವ ಆತನ ಗುಮಾಸ್ತ, ಮುನ್ಷಿ, ಮಗಳ ಮದುವೆಗೆಂದು ಚಿಂಚೋಳಿಗೆ ಹೋಗಿದ್ದ.

ಪೇಶಿ ಏಕಾದಶಿಗೆ ಬೀಳುತ್ತದೆಂದು ಅವ್ವ ಮೊದಲೇ ಲೆಕ್ಕ ಹಾಕಿಟ್ಟಿದ್ದಳು. ರವಿವಾರ ಊಟಕ್ಕೆ ಬಡಿಸುತ್ತ ಅಂದಳು, "ಅಣ್ಣಾ, ನಾಳೆ ಏಕಾದಶಿ. ನಾಳೆನ ಪೇಶಿ ಅದ."

ಆತ ಎಡಗೈ ಮುಂದೆ ಚಾಚಿದ. "ಇಲ್ನೋಡು, ಇನ್ನೂ ನಾಕು ದಿನ ಅದ."

ಅವ್ವ ಬಗ್ಗಿ ನೋಡಿದಳು. ಅಂಕಿ ಆಕೆಗೆ ಓದಲು ಬರುತ್ತಿರಲಿಲ್ಲ, ಚಂದ್ರ ಕಂಡ. "ಇದ್ರಾಗ ಹುಣ್ಣಿಮಿ ಅದಲಾ ಅಣ್ಣಾ? ಹುಣ್ಣಿಮಿ ಆಗಿ ಭಾಳ ದಿನ ಆತು. ನಾಳೆ ನಾ ಉಪಾಸ ಇದ್ದೀನಿ."

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. "ಉಪಾಸದ ಲೆಕ್ಕ ನೀ ಇಟ್ಕೋ, ಕೋರ್ಟಿನ ಲೆಕ್ಕ ನನಗ ಬಿಡು. ಸ್ವಿಸ್ ಗಡಿಯಾರಕ್ಕ ತಿಥಿ ಕಲಸ್ತಾಳ ಈಕಿ!" ಅಂದ ಆತ.

ಮರುದಿನ ಆತ ವಾಡಿಗೆ ಹೋದ. ಅವ್ವ ನೀರೂ ಕುಡಿಯದೆ ಬಾಗಿಲಲ್ಲಿ ಕೂತಿದ್ದಳು. ಸಂಜೆ ಕಾಕಾನ ಕಡೆಯ ಆಳೊಬ್ಬ ಬಂದು ಪೇಢೆಯ ಪೊಟ್ಟಣ ಮುಂದಿಟ್ಟ. "ನಿಮ್ಮ ಹೆಸರು ಕೂಗಿದ್ರು, ಯಾರೂ ಬರ್ಲಿಲ್ಲ. ದಾವೆ ಖಾರಿಜ್ ಆತ್ರೀ, ವಜಾ ಮಾಡಿದ್ರು. ಬಾಯಿ ಸಿಹಿ ಮಾಡ್ಕೋಬೇಕಂತ, ಸಾವಕಾರ್ರು ಕೊಟ್ಟಾರ" ಅಂದ. ಏಕಾದಶಿ ದಿನ, ಉಪವಾಸ ಇದ್ದವಳಿಗೆ!

ಮಾಮಾ ಹೊಸ ಗಡಿಯಾರ ಹಿಡಿದು ಬಂದವನು ಎಲ್ಲ ಕೇಳಿ, ಎಡಗೈ ನೋಡಿಕೊಂಡು, ಅಂಗಿಯ ತೋಳು ಕೆಳಗೆಳೆದುಕೊಂಡ. "ನೀನ ತಪ್ಪು ತಾರೀಖ ಹೇಳಿದಿ" ಅಂದ ಅವ್ವನಿಗೆ. ಮತ್ತೆ ಅರ್ಜಿ ಹಾಕಿಕೊಳ್ಳಬಹುದಿತ್ತು. ಹಾಕಿದರೆ ಯಾಕೆ ಬರಲಿಲ್ಲ ಎಂಬುದನ್ನು ಬರೆಯಬೇಕಿತ್ತು. ನನ್ನ ಗಡಿಯಾರ ತಪ್ಪಿತ್ತು ಎಂದು ಆತ ಬರೆದಾನೆಯೇ? ಬರೆಯಲಿಲ್ಲ.

ಒಂದು ತಿಂಗಳ ಮೇಲೆ ಆ ಫೋಟೊ ಕಟ್ಟು ಹಾಕಿಸಿಕೊಂಡು ಬಂತು. ನಾನು ನೋಡಿದೆ. ಎಂದೂ ಕೂಡದ ಎರಡು ತಾರೀಖು ಅದರಲ್ಲಿ ಕೂಡಿದ್ದವು. "ಮಾಮಾ, ಎರಡೂ ಒಂದೇ ತಾರೀಖು ತೋರಸ್ಲಿಕತ್ತಾವ, ನೋಡ್ರಿ. ಅವ್ವ ಖರೇನ ಹೇಳಿದ್ಲು" ಅಂದೆ.

ಆತ ಫೋಟೊವನ್ನು ಬೆಳಕಿಗೆ ಹಿಡಿದ. "ಭಾಳ ಚಂದ ಬಂದದ" ಅಂದ. ಊಟದ ಪಡಸಾಲೆಯ ಗೋಡೆಗೇ ಮೊಳೆ ಹೊಡೆಸಿದ.

ಅದರ ಕೆಳಗೆ ಅವ್ವ ಸಾಯುವ ತನಕ ಬಡಿಸಿದಳು. ನಿಜಾಮರ ರಾಜ್ಯ ಹೋಯಿತು, ಫಸಲಿ ತಾರೀಖೂ ಹೋಯಿತು, ಆತನ ಎರಡೂ ಕೈಗೆ ಒಂದೇ ತಾರೀಖು ಸಾಕಾಯಿತು. ಅವ್ವನನ್ನು ಮಸಣಕ್ಕೆ ಒಯ್ಯುವಾಗ ಸೊಂಟದಲ್ಲಿ ಆ ಬೀಗದ ಕೈ ಸಿಕ್ಕಿತು. ಮಾಮಾ ಸತ್ತಾಗ ನಾನು ಹೋಗಲಿಲ್ಲ. ಜನ ಆಡಿಕೊಂಡರು, ಆಡಿಕೊಳ್ಳಲಿ.

ಹುಡುಗ ಚಹಾ ಕುಡಿದು ಗಾಜು ತೆಗೆದ. ಸುತ್ತಲಿನ ರಟ್ಟನ್ನು ಗೆದ್ದಲು ತಿಂದಿತ್ತು, ಅದು ಪುಡಿಪುಡಿಯಾಗಿ ಉದುರಿತು. ಅಷ್ಟು ವರ್ಷ ರಟ್ಟಿನ ಕೆಳಗೆ ಮುಚ್ಚಿದ್ದ ಫೋಟೊದ ಅಂಚು ಮೊದಲ ಸಲ ಕಂಡಿತು. ಬಿಳಿ ಧೋತರದ ತುದಿ... ಅದನ್ನು ಹಿಡಿದ ಎರಡು ಬೆರಳು. ಈಳಿಗೆ ತಾಗಿ ಸೀಳಿದ್ದ ಹೆಬ್ಬೆರಳ ಉಗುರು. ನನ್ನ ಅವ್ವನದು. ಅಷ್ಟು ಫೋಟೊ ತೆಗೆದ ಆ ಮನೆಯಲ್ಲಿ ಅವ್ವನದೊಂದೂ ತೆಗೆದಿರಲಿಲ್ಲ. ಆಕೆಯ ಮುಖ ಈಗ ನನಗೆ ಸರಿಯಾಗಿ ನೆನಪಾಗುವುದೂ ಇಲ್ಲ.

"ಯಾರದೋ ಬೆರಳು ಬಂದಾವ ಅಜ್ಜಿ. ಅಂಚು ಕತ್ತರಿಸಿ ಚೊಕ್ಕ ಮಾಡಿಸ್ಕೊಂಡು ಬರ್ಲ್ಯಾ?"

"ಕತ್ತರಿಸೋದಿದ್ರ ಗಡಿಯಾರ ಕತ್ತರಿಸಪ್ಪಾ" ಅಂದೆ. ಚೇಷ್ಟೆ ಎಂದುಕೊಂಡು ನಕ್ಕ.

ಅವನು ಹೋದ ಮೇಲೆ ಕತ್ತರಿ ಹುಡುಕಿದೆ. ಗಡಿಯಾರಗಳು ಒಲೆಗೆ ಹೋದವು. ಈಗ ನನ್ನ ದೇವರ ಗೂಡಿನಲ್ಲಿ ಅವ್ವನ ಫೋಟೊ ಇದೆ, ಎರಡು ಬೆರಳಷ್ಟು ಅಗಲದ್ದು.