ಟೆಸ್ಟ್‌ಗೆಂದು ಬರೆದ ನಂಬರ್

“ಮೇಡಂ, ನಮ್ಮ ಮನೆಯವ್ರು ತೀರ್ಕೊಂಡಾರ ಅಂತ ಮೆಸೇಜ್ ಬಂದೈತ್ರಿ. ಮುಂಜಾನಿ ನನ್ನ ಕೂಡ ಮಾತಾಡಿದ್ರಲ್ರೀ.”

ಮೆಸೇಜಿನಲ್ಲಿದ್ದ ನಮ್ಮ ವೈಟ್‌ಫೀಲ್ಡ್ ಕಚೇರಿಯ ನಂಬರಿಗೆ ಕರೆ ಮಾಡಿದ್ದ ಆ ಹೆಂಗಸು, ಪೀಣ್ಯದಿಂದ ಗಂಡನಿದ್ದ ಆಸ್ಪತ್ರೆಗೆ ಬಸ್ಸಿನಲ್ಲಿ ಹೊರಟಿದ್ದರು. ಆಸ್ಪತ್ರೆಗಳ ಸಾಫ್ಟ್‌ವೇರ್‌ಗೆ ತಾನಾಗಿಯೇ ಓಡುವ ಟೆಸ್ಟ್‌ಗಳನ್ನು ಬರೆಯುವುದು ನನ್ನ ಕೆಲಸ. ರೋಗಿ ತೀರಿಕೊಂಡರೆ ಮನೆಯವರಿಗೆ ಸಂದೇಶ ಹೋಗುತ್ತದೆಯೇ ಎಂದು ನೋಡುವ ಟೆಸ್ಟ್‌ನಲ್ಲಿ ತೋಚಿದ ಮೊಬೈಲ್ ನಂಬರೊಂದನ್ನು ಹಾಕಿದ್ದೆ. ಅಂದು ಟೆಸ್ಟ್ ಓಡಿದಾಗ ಸಂದೇಶ ನಿಜವಾಗಿಯೂ ಹೊರಗೆ, ಈ ಹೆಂಗಸಿನ ಫೋನಿಗೆ, ಹೋಗಿಬಿಟ್ಟಿತ್ತು.

“ಅದು ಸುಳ್ಳು ಮೆಸೇಜ್ ಅಕ್ಕ, ತಪ್ಪು ನಂದೇ,” ಎಂದೆ. ಅವರು ನಂಬಲಿಲ್ಲ. ಫೋನ್ ಇಡಬೇಡಿ ಎಂದು ಬೇಡಿಕೊಂಡೆ. ಅವರು ಬಸ್ಸಿಳಿದದ್ದು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ್ದು, ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತೆ. ಕೊನೆಗೆ ದನಿ ಬಂತು: “ಅದಾರ್ರೀ. ನೀರು ಕೇಳಾಕತ್ತಾರ.”

ಈಗ ನನ್ನ ಟೆಸ್ಟ್‌ಗಳಲ್ಲಿ ನನ್ನದೇ ನಂಬರಿದೆ. ಆ ಸಂದೇಶ ಬಂದಾಗಲೆಲ್ಲ, ಸುಳ್ಳೆಂದು ಗೊತ್ತಿದ್ದರೂ, ಎದೆ ಒಮ್ಮೆ ಧಸಕ್ ಎನ್ನುತ್ತದೆ.