ಕುಂತು ಬಾರಿಸುವವನ ಊರು

ಲಾರಿಯಿಂದ ಡ್ರಮ್ ಸೆಟ್ ಇಳಿಯುತ್ತಿದ್ದಂತೆ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಬಾಂದ್ರಾದಲ್ಲಿ ನನ್ನ ಗಂಡ ಪ್ರಾಕ್ಟೀಸ್ ಮಾಡುವಾಗ ನೆರೆಯವರು ಗೋಡೆ ಗುದ್ದುತ್ತಿದ್ದರು, ಅದು ಸದ್ದಿಗೆ. ಶಹಾಪುರದಲ್ಲಿ ಇನ್ನೂ ಒಂದು ಪೆಟ್ಟೂ ಬಿದ್ದಿರಲಿಲ್ಲ.

ಹೊರಗೆ ಬಂದವರು ಎದುರುಮನೆಯ ಮರೆಪ್ಪ, ನನ್ನ ಗಂಡನ ಅಣ್ಣ. "ಇದ್ದ ಹಲಗಿ ಬಾವ್ಯಾಗ ಒಗದು ಕುಂತೀವಿ. ನೀ ಲಾರಿ ತುಂಬ ತಂದೀಯಲ್ಲೋ ಸಾಯಬಣ್ಣ!"

ಈ ಮನೆತನದವರು ತಲೆತಲಾಂತರ ದೊಡ್ಡಮನೆಗಳ ಮದುವೆ, ಹೆಣಗಳ ಮುಂದೆ ಚರ್ಮದ ಹಲಗೆ ಬಡಿಯುತ್ತ ನಡೆದವರು. ಚಪ್ಪರದೊಳಗೆ ಕೂರುವಂತಿರಲಿಲ್ಲ. ಬೌದ್ಧರಾದ ಮೇಲೆ ಓಣಿಗೆ ಓಣಿಯೇ ಅದನ್ನು ಬಿಟ್ಟಿತು. ಅದಕ್ಕೂ ಮೊದಲೇ ಯಾದಗಿರಿಯಲ್ಲಿ ಮುಂಬೈ ರೈಲು ಹತ್ತಿದ ಸಾಯಬಣ್ಣ, ಹೋಟೆಲುಗಳ ಡಾನ್ಸ್ ಫ್ಲೋರಿನಲ್ಲಿ 'ಸ್ಯಾಮ್' ಆಗಿ, ಜಾಝ್ ಡ್ರಮ್ಮರ್ ಆಗಿ, ಫಾರಿನ್ ಟೂರ್ ಮಾಡಿ, ಬೆಂಗಳೂರು ಕಂಟೋನ್ಮೆಂಟಿನ ಕಾನ್ವೆಂಟ್ ಹುಡುಗಿ ನನ್ನನ್ನು ಮದುವೆಯಾದರು. ಕೈ ನಡುಗಲು ಶುರುವಾಗುವ ಮೊದಲು ಒಂದೇ ಒಂದು ಸಲ ತನ್ನೂರಲ್ಲಿ ಬಾರಿಸಬೇಕು ಎಂಬ ಹಟಕ್ಕೆ ನಾವು ಇಲ್ಲಿಗೆ ಬಂದೆವು. ಆದರೆ ಅಣ್ಣನ ಒಪ್ಪಿಗೆಯಿಲ್ಲದೆ ಅವರು ಡ್ರಮ್ಮಿನ ಹೊದಿಕೆ ತೆಗೆಯಲಿಲ್ಲ.

ನಾನು ಅಷ್ಟರಲ್ಲಿ ಊರು ಕಲಿತೆ. ಕಟಿ ರೊಟ್ಟಿಯನ್ನು, ಅಂದರೆ ಒಣಗಿಸಿದ ಜೋಳದ ರೊಟ್ಟಿಯನ್ನು, ಟೋಸ್ಟಿನಂತೆ ಕಚ್ಚುವುದು ಬಿಟ್ಟು ಹುಳಿ ಪುಂಡಿಪಲ್ಯದಲ್ಲಿ ನೆನೆಸಿ ತಿನ್ನುವುದು ಕಲಿತೆ. ಮುಂಬೈಯಲ್ಲಿ ಲಿಫ್ಟಿನೊಳಗೆ ನಾಲ್ಕು ಜನ ನಿಂತರೂ ನಾನು ಒಂಟಿ. ಇಲ್ಲಿ ಪ್ರೈವಸಿ ಎಂಬ ವಸ್ತುವೇ ಇಲ್ಲ: "ಬಾಯಾರ, ಏನ್ ಅಡಗಿರಿ?" ಎನ್ನುತ್ತ ಮುಚ್ಚಳವನ್ನೇ ಎತ್ತಿ ನೋಡುತ್ತಾರೆ. ಡ್ರಮ್ಮಿನ ಮಾತೆತ್ತಿದರೆ ಮಾತ್ರ ಎಲ್ಲರಿಗೂ ಮನೆಗೆಲಸ ನೆನಪಾಗುತ್ತಿತ್ತು.

ಒಂದು ಬೆಳಿಗ್ಗೆ ಬೀದಿಯಲ್ಲೇ ನಿಂತು ಒಬ್ಬಾತ ಕೂಗಿದ: "ಸಾಯಬ್ಯಾ ಅದಾನೇನ? ಗೌಡ್ರ ಮನ್ಯಾಗ ಮದಿವಿ ಐತಿ. ಮೆರವಣಿಗಿ ಮುಂದ ಬಾರ್ಸಾಕ ಬರಬೇಕಂತ."

ಕಾನ್ವೆಂಟ್ ಮ್ಯಾನರ್ಸ್ ನೋಡಿ, ನಾನು "ಪ್ಲೀಸ್, ಒಳಗೆ ಬನ್ನಿ, ಚಹಾ ಕುಡಿಯಿರಿ" ಎಂದೆ. ಆತ ಹೊಸ್ತಿಲ ಕಡೆ ನೋಡಲೂ ಇಲ್ಲ. ನೆಂಟರನ್ನು ಕರೆಯುವವರು ಕುಂಕುಮ ಹಿಡಿದು ಒಳಗೆ ಬರುತ್ತಾರೆ, ಹಲಗೆಯವರನ್ನು ಬೀದಿಯಿಂದ ಕೂಗುತ್ತಾರೆ ಎಂಬುದು ನನಗೇನು ಗೊತ್ತು?

ನನ್ನವರು ಹೊರಗೆ ಬಂದರು. "ಬರ್ತೀನಿ. ಆದ್ರ ನಾ ಕುಂತು ಬಾರಸಾಂವ. ಚಪ್ಪರದಾಗ, ವೇದಿಕಿ ಮ್ಯಾಗ ಕುರ್ಚಿ ಹಾಕಸ್ರಿ."

"ಗೌಡ್ರು ನಿಂತಿರ್ತಾರ, ನೀ ಕುಂದರ್ತೀ?"

"ಅವರಿಗೂ ಒಂದು ಹಾಕಸ್ರಿ, ಪಾಪ. ವಯಸ್ಸಾಗೈತಿ."

ಆತ ತಿರುಗಿ ಬರಲಿಲ್ಲ. ಆ ಮದುವೆಗೆ ಡಿಜೆ ಬಂತಂತೆ.

ಎದುರಿನ ಬಾಗಿಲಲ್ಲಿ ಮರೆಪ್ಪ ಎಲ್ಲ ಕೇಳಿಸಿಕೊಂಡಿದ್ದರು. ಸಂಜೆ ತಮ್ಮ ಮನೆಯ ಒಂದೇ ಒಂದು ಕೈಕುರ್ಚಿಯನ್ನು ತಾವೇ ಹೊತ್ತು ಓಣಿಯ ಬುದ್ಧ ವಿಹಾರದ ಅಂಗಳದಲ್ಲಿಟ್ಟು ಕೂಗಿದರು: "ಬಾರಲೇ. ಕುಂದ್ರು. ಅದೇನ್ ಬಾರಸ್ತೀಯೋ ಬಾರ್ಸು, ನೋಡೂನು."

ಡ್ರಮ್ಮರ್‌ಗೆ ಕೈಯಿರುವ ಕುರ್ಚಿ ಇಂಪಾಸಿಬಲ್, ಮೊಣಕೈ ತಾಗುತ್ತದೆ. ನನ್ನ ಗಂಡ ಡ್ರಮ್ ಸೆಟ್ ತಂದು ಹೊದಿಕೆ ತೆಗೆದು ಆ ಕುರ್ಚಿಯಲ್ಲೇ ಕುಳಿತರು. ಮೊದಲು ಬ್ರಷ್, ಅಂದರೆ ತಂತಿಯ ಪೊರಕೆಯಂಥ ಕಡ್ಡಿ. ಜೋಳ ಕೇರಿದ ಹಾಗೆ ಮೆಲ್ಲಗೆ. ಆಮೇಲೆ ಕೋಲು. ಮುಚ್ಚಿದ್ದ ಬಾಗಿಲುಗಳ ಜನ ಬಂದು ನೆಲದಲ್ಲಿ ಕೂತರು. ಮಲಗಿದ ಬುದ್ಧನಂತೆ ಕಾಣುವ ಊರಾಚೆಯ ಬೆಟ್ಟಕ್ಕೂ ಕೇಳಿಸಿರಬೇಕು.

ಮುಗಿದಾಗ ಮರೆಪ್ಪ, "ಎಡಗೈ ಅಪ್ಪಂದೈತಿ," ಎಂದರು. "ತುಸು ತಡದು ಬೀಳತೈತಿ."

ನಾನು ಹೇಳಿದೆ: ಆ ತಡೆದು ಬೀಳುವ ಎಡಗೈಯನ್ನು ನೋಡಲೆಂದೇ ಕಲ್ಕತ್ತಾ, ಗೋವಾದ ಡ್ರಮ್ಮರ್‌ಗಳು ಸ್ಟೇಜಿನ ಹಿಂದೆ ಬಂದು ನಿಲ್ಲುತ್ತಿದ್ದರು, ಇವತ್ತು ಅರ್ಧ ದೇಶದ ಡ್ರಮ್ಮರ್‌ಗಳು ಹಾಗೇ ಬಾರಿಸುತ್ತಾರೆ, ಅದಕ್ಕೆ 'ಸ್ಯಾಮ್ಸ್ ಲೆಫ್ಟ್' ಎನ್ನುತ್ತಾರೆ.

"ನಮ್ಮಪ್ಪ ಹನುಮಪ್ಪಂದು ಅಂತ ಹೇಳವಾ ಅವರಿಗೆ," ಎಂದರು ಮರೆಪ್ಪ. "ನೀ ಅವನ ಸೊಸಿ ಅದಿ."

ಹೇಳುತ್ತಿದ್ದೇನೆ. ಮುಂಬೈಯಿಂದ ಫೋನು ಬಂದಾಗ ನಾನು ಮಿಸೆಸ್ ಸ್ಯಾಮ್. ಸಮುದ್ರದ ಗಾಳಿ, ಬೇಕರಿಯ ಬನ್ನಿನ ಮಾತು ಕೇಳಿ ಕಣ್ಣು ತುಂಬುತ್ತದೆ. ಓಣಿಯಲ್ಲಿ ನಾನು ಹನುಮಪ್ಪನ ಸೊಸೆ. ಯಾವ ಹೆಸರಿಂದ ಕರೆದರೂ ಓಗೊಡುತ್ತೇನೆ, ತುಸು ತಡೆದು.