ಹಾಜಿರಾ ಎಳೆದ ಗೀಟುಗಳು

ನಾನು ಬರೆಯುತ್ತಿರುವ ಕತೆಯ ಹನ್ನೊಂದನೇ ಪುಟದ ಅಂಚಿನಲ್ಲಿ ಮೊಮ್ಮಗಳು ಮಾನ್ಯ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು: "ಅಜ್ಜಿ, ಇದು ಸುಳ್ಳು." ನಾಲ್ಕನೇ ಕ್ಲಾಸಿನ ಹುಡುಗಿ. ಜೀವಮಾನವಿಡೀ ಕೆಂಪು ಶಾಯಿಯಲ್ಲಿ ಪರರ ಮಕ್ಕಳ ತಪ್ಪು ತಿದ್ದಿದವಳಿಗೆ ಅಷ್ಟು ಆಗಬೇಕಾದದ್ದೇ ಅನ್ನಿ.

ನಿವೃತ್ತರಾದ ಟೀಚರುಗಳಿಗೆ ಎರಡು ಕಾಯಿಲೆ ಬರುತ್ತವೆ. ಒಂದು ಮಂಡಿನೋವು, ಇನ್ನೊಂದು ಸಾಹಿತ್ಯ. ನನಗೆ ಎರಡೂ ಒಂದೇ ವರ್ಷ ಬಂದವು. ಪುತ್ತೂರಿನ ನಮ್ಮ ಮನೆಯ ಕಿಟಕಿ ಪಕ್ಕ ಕೂತು ಮಕ್ಕಳಿಗಾಗಿ ಒಂದು ಐತಿಹಾಸಿಕ ಕತೆ ಬರೆಯತೊಡಗಿದೆ. ಸುಳ್ಯದ ಕಡೆಯ ರೈತರು ಬ್ರಿಟಿಷರ ಕುಂಪಣಿ ಸರಕಾರದ ಮೇಲೆ ದಂಡು ಕಟ್ಟಿಕೊಂಡು ಹೋದ ಕಾಲದ್ದು. ಅದರಲ್ಲಿ ಇಬ್ಬರು ಗೆಳತಿಯರು: ಗೌಡರ ಮನೆಯ ದೇವಕಿ, ಬ್ಯಾರಿ ಮುಸ್ಲಿಂ ವ್ಯಾಪಾರಿಯ ಮಗಳು ಬೀಫಾತಿಮ. ಕುಂಪಣಿಯ ಸಿಪಾಯಿಗಳು ಬಂದು, ಬೀಫಾತಿಮಳ ಅಪ್ಪ ದಂಡಿಗೆ ಅಕ್ಕಿ ಕೊಟ್ಟನೇ ಎಂದು ದೇವಕಿಯನ್ನು ಗದರಿಸಿ ಕೇಳುತ್ತಾರೆ. ದೇವಕಿ ಎದೆಯುಬ್ಬಿಸಿ ನಿಲ್ಲುತ್ತಾಳೆ, ತುಟಿ ಬಿಚ್ಚುವುದಿಲ್ಲ. ಆ ಪುಟ ಬರೆದ ದಿನ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಇನ್ನೊಂದು ಲೋಟ ಕಾಫಿ ಕುಡಿದಿದ್ದೆ.

"ಎಂತ ಸುಳ್ಳು ಅದರಲ್ಲಿ?" ಎಂದು ಮಾನ್ಯಳನ್ನು ಕೇಳಿದೆ.

"ಅವಳಿಗೆ ಹೆದರಿಕೆ ಆಗುದಿಲ್ವಾ ಅಜ್ಜಿ? ನಾನಾದ್ರೆ ಹೇಳಿಬಿಡ್ತಿದ್ದೆ."

ನಾನು ಆ ಪುಟವನ್ನು ಮಡಚಿಟ್ಟೆ. ಯಾಕೆಂದರೆ ನಾನು ಹಾಗೆ ಹೇಳಿಬಿಟ್ಟವಳೇ. ನನ್ನನ್ನು ಯಾರೂ ಗದರಿಸಿರಲೂ ಇಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಗಡಿಯಲ್ಲಿ ಯುದ್ಧ ಶುರುವಾಯಿತು. ಆಗ ನಮ್ಮ ವಾಸ ಅರಂತೋಡಿನಲ್ಲಿ. ನಮ್ಮ ಗೌಡರ ಮನೆಗಳಲ್ಲಿ ಒಬ್ಬನಾದರೂ ಮಿಲಿಟ್ರಿಯಲ್ಲಿ ಇರುವುದು ಸಾಮಾನ್ಯ. ನಮ್ಮಲ್ಲಿ ಅಮ್ಮನ ತಮ್ಮ ಕುಶಾಲಪ್ಪ ಮಾವ. ಅವನ ಕಾಗದ ಬರುವುದು ನಿಂತುಹೋಗಿತ್ತು. ಅಮ್ಮ ಸಾರಿಗೆ ಉಪ್ಪು ಹಾಕಲು ಮರೆಯುತ್ತಿದ್ದಳು, ಅಪ್ಪ ಅದನ್ನು ಮಾತಿಲ್ಲದೆ ಉಣ್ಣುತ್ತಿದ್ದರು. ಶಾಲೆಯಲ್ಲಿ ದಿನಾ ಪ್ರಾರ್ಥನೆ ಮುಗಿದ ಮೇಲೆ ಹೆಡ್ಮಾಸ್ಟ್ರು, "ನಮ್ಮೊಳಗೇ ಗೂಢಚಾರರು ಇರಬಹುದು ಮಕ್ಕಳೇ, ಸಂಶಯ ಬಂದದ್ದನ್ನು ಬಂದು ಹೇಳಿ" ಎನ್ನುತ್ತಿದ್ದರು. ಪಾಪ, ರೇಡಿಯೋದಲ್ಲಿ ಕೇಳಿದ್ದಕ್ಕೆ ಸ್ವಲ್ಪ ಒಗ್ಗರಣೆ ಹಾಕುತ್ತಿದ್ದರು ಅಷ್ಟೆ. ಅರಂತೋಡಿಗೆ ಬಂದು ಯಾವ ಗೂಢಚಾರ ಎಂತ ನೋಡಬೇಕಿತ್ತೋ ದೇವರೇ ಬಲ್ಲ.

ಹಾಜಿರಾ ನನ್ನ ಬೆಂಚಿನವಳು. ಅವಳ ಅಪ್ಪ ಅದ್ರಾಮ ಬ್ಯಾರಿಯವರಿಗೆ ರಸ್ತೆ ಬದಿಯಲ್ಲಿ ಒಣಮೀನಿನ ಅಂಗಡಿ. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಆ ಅಂಗಡಿಯ ಜಗಲಿಯಲ್ಲಿ ಕೂತು ಸಂಪಾಜೆ ಕಡೆಗೆ ಹೋಗುವ ಮಿಲಿಟ್ರಿ ಲಾರಿಗಳನ್ನು ಎಣಿಸುತ್ತಿದ್ದೆವು. ಒಳಗೆ ಮಾವ ಇದ್ದರೂ ಇರಬಹುದು ಎಂದು ಪ್ರತಿಯೊಂದಕ್ಕೂ ಕೈಬೀಸುತ್ತಿದ್ದೆವು. ಅಷ್ಟು ದೂರದ ಗಡಿಯಲ್ಲಿರುವ ಮಾವ ಸಂಪಾಜೆ ಲಾರಿಯಲ್ಲಿ ಹೇಗೆ ಬರುತ್ತಾನೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಭೂಗೋಳದಲ್ಲಿ ನಾವಿಬ್ಬರೂ ಸಮಾನ ದಡ್ಡರು.

ಒಂದು ದಿನ ಅವಳ ಪುಸ್ತಕದೊಳಗಿಂದ ಮಡಚಿದ ಕಾಗದವೊಂದು ಬಿತ್ತು. ಮೇಲೆ ಮದ್ರಸದಲ್ಲಿ ಕಲಿಯುವ ಅಕ್ಷರದಲ್ಲಿ ಒಂದು ಪದ. ಕೆಳಗೆ ಸಾಲು ಸಾಲು ಗೀಟುಗಳು.

"ಇದೆಂತದು?"

"ಈಗ ಹೇಳುದಿಲ್ಲ. ಮತ್ತೆ ಹೇಳ್ತೇನೆ, ಕೊಡು ಮಾರಾಯ್ತಿ," ಎಂದು ಕಸಿಯಲು ಬಂದಳು. ಅಷ್ಟರಲ್ಲಿ ಬೆಲ್ ಆಯಿತು, ಟೀಚರು ಬಂದರು. ಕಾಗದ ನನ್ನ ಮುಷ್ಟಿಯಲ್ಲೇ ಉಳಿಯಿತು.

ಆ ಪಿರಿಯಡ್ ಇಡೀ ನನ್ನ ತಲೆ ಜೋರಾಗಿ ಓಡಿತು. ನನಗೆ ಓದಲಾಗದ ಅಕ್ಷರ. ಲಾರಿ ಎಣಿಸಿದ ಹಾಗೆ ಗೀಟು. ಕೇಳಿದರೆ ಹೇಳುವುದಿಲ್ಲ. ಪಿರಿಯಡ್ ಮುಗಿದ ಕೂಡಲೇ ನಾನು ನೆಟ್ಟಗೆ ಹೋಗಿ ಕಾಗದವನ್ನು ಹೆಡ್ಮಾಸ್ಟ್ರ ಮೇಜಿನ ಮೇಲಿಟ್ಟೆ. ಹಾಗೆ ಮಾಡಿದ್ದರಲ್ಲಿ ಮಾವನ ಮೇಲಿನ ಪ್ರೀತಿ ಇತ್ತು. ನಾಳೆ ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳುತ್ತಾರೆಂಬ ಆಸೆಯೂ ಇತ್ತು. ಯಾವುದು ಎಷ್ಟೆಂದು ಕೇಳಬೇಡಿ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೆಡ್ಮಾಸ್ಟ್ರು ಹಾಜಿರಾಳನ್ನು ಇಡೀ ಕ್ಲಾಸಿನ ಎದುರು ನಿಲ್ಲಿಸಿ "ಓದು" ಎಂದರು. ಅವಳು ಓದಲಿಲ್ಲ. ಅಪ್ಪನಿಗೆ ಹೇಳಿಕಳಿಸಿದರು. ಅವರು ಬರುವವರೆಗೂ ಅವಳು ನಿಂತೇ ಇದ್ದಳು. ಒಮ್ಮೆ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಡೆಸ್ಕ್ ನೋಡಿದೆ.

ಅದ್ರಾಮ ಬ್ಯಾರಿಯವರು ಒದ್ದೆ ಕೈಯನ್ನು ಲುಂಗಿಗೆ ಒರಸಿಕೊಂಡು ಕಾಗದ ಬಿಡಿಸಿದರು.

"ಮೇಲೆ ಬರೆದದ್ದು ಕುಶಾಲಪ್ಪ ಅಂತ, ಮಾಸ್ಟ್ರೆ. ಅಲ್ಲಿ ಕೂತಿದ್ದಾಳಲ್ಲ ಆ ಹುಡುಗಿ, ಅವಳ ಮಾವ. ಅವರು ಜೀವದಲ್ಲಿ ಬರ್ಲಿಕ್ಕೆ ಇವಳು ಮನೆಯಲ್ಲಿ ಕುರಾನಿನ ಯಾಸೀನ್ ಓದುದು. ನಲುವತ್ತೊಂದು ಸಲ ಅಂತ ಹರಕೆ. ಒಂದು ಸಲ ಓದಿದ್ರೆ ಒಂದು ಗೀಟು. ಮುಗಿಯುವ ಮೊದಲು ಯಾರಿಗೂ ಹೇಳ್ಬಾರ್ದು ಅಂತ ಇವಳ ಅಜ್ಜಿ ಹೇಳಿದ್ದು."

ಹೆಡ್ಮಾಸ್ಟ್ರು ಕನ್ನಡಕ ತೆಗೆದು ಒರಸಿದರು, ಮತ್ತೆ ಹಾಕಿಕೊಂಡರು. ಯಾರೂ ತಪ್ಪಾಯಿತು ಎನ್ನಲಿಲ್ಲ. ಅಪ್ಪ ಮಗಳ ಕೈ ಹಿಡಿದು ಕರೆದುಕೊಂಡು ಹೋದರು. ಮರುದಿನ ಅವಳು ಶಾಲೆಗೆ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಅವಳನ್ನು ಕಬಕದಲ್ಲಿದ್ದ ತಾಯಿಯ ತವರುಮನೆಗೆ ಕಳಿಸಿದರಂತೆ, ಹುಡುಗಿ ಓದಿದ್ದು ಸಾಕು ಎಂದರಂತೆ. ಯುದ್ಧ ಮುಗಿದು ಮಾವ ಬದುಕಿ ಬಂದ. ಮನೆಯಲ್ಲಿ ಪಾಯಸ ಮಾಡಿದರು. ನಾನು ನನ್ನ ಪಾಲನ್ನು ಹಾಗೆಯೇ ಬಿಟ್ಟು ಎದ್ದೆ. ಮುಂದೆ ನಾನು ಓದಿ ಟೀಚರಾದೆ.

ಈಗಲೂ ಕಬಕದಲ್ಲೇ ಇರುವ ಹಾಜಿರಾ ಈಚಿನ ವರ್ಷಗಳಲ್ಲಿ ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಸಿಗುವುದುಂಟು. ಮಕ್ಕಳು, ಮೊಮ್ಮಕ್ಕಳು, ಶುಗರು, ಪ್ರೆಷರು ಎಲ್ಲ ಮಾತಾಡುತ್ತೇವೆ. ಆ ಕಾಗದದ ವಿಷಯ ಇಬ್ಬರೂ ಎತ್ತಿರಲಿಲ್ಲ. ಅವಳಿಗೆ ಮರೆತುಹೋಗಿದೆ ಎಂದು ನಾನು ನನ್ನ ಅನುಕೂಲಕ್ಕೆ ತಕ್ಕಂತೆ ನಂಬಿಕೊಂಡಿದ್ದೆ.

ಮಾನ್ಯಳ ತಕರಾರಿನ ಮೇಲೆ ಆ ಪುಟ ಹರಿದು ಹೊಸದಾಗಿ ಬರೆದೆ. ಈ ಸಲ ದೇವಕಿ ಎಲ್ಲವನ್ನೂ ಹೇಳಿಬಿಡುತ್ತಾಳೆ. ಕೊನೆಗೆ ಅಳುತ್ತ ಬಂದ ಅವಳನ್ನು ಬೀಫಾತಿಮ ತಬ್ಬಿಕೊಳ್ಳುತ್ತಾಳೆ. ಅದನ್ನು ಹಿಡಿದುಕೊಂಡು ಮೊನ್ನೆ ಕಬಕದ ಬಸ್ಸು ಹತ್ತಿದೆ. ಕಾಲು ಗಂಟೆಯ ದಾರಿ, ಹೋಗಲು ನನಗೆ ಇಷ್ಟು ವರ್ಷ ಬೇಕಾಯಿತು.

ಹಾಜಿರಾ ಚಹಾ ಕೊಟ್ಟು ಎದುರು ಕೂತಳು. ನಾನು ಓದಿದೆ. ಮುಗಿದ ಮೇಲೆ ಅವಳು ಕೇಳಿದಳು:

"ದೇವಕಿ ನೀನೇ ಅಲ್ವಾ?"

"ಹೌದು. ನನ್ನಿಂದ ತಪ್ಪಾಯ್ತು ಹಾಜಿರಾ."

"ದೇವಕಿ ಹೇಳಿಬಿಟ್ಟದ್ದು ಬರ್ದಿದ್ದಿಯಲ್ಲ, ಅದು ಸರಿ ಉಂಟು. ಆದ್ರೆ ಬೀಫಾತಿಮ ತಬ್ಬಿಕೊಳ್ಳುದು ಎಂತಕ್ಕೆ? ಅಷ್ಟು ಬೇಗ ಆಗ್ತದಾ?"

"ಎಷ್ಟು ಸಮಯ ಬೇಕು ಮತ್ತೆ?"

"ನನಗೆಂತ ಗೊತ್ತು ಮಾರಾಯ್ತಿ? ನನ್ನಿಂದ ಇನ್ನೂ ಆಗ್ಲಿಲ್ಲ. ನನಗೆ ಶಾಲೆ ಅಂದ್ರೆ ಎಷ್ಟು ಇಷ್ಟ ಇತ್ತು."

ಕೋಪದಿಂದ ಹೇಳಿದ್ದಲ್ಲ. ಹಾಗೆ ಹೇಳಿ ನನ್ನ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿದಳು. ಹೊರಡುವಾಗ ಗೇಟಿನವರೆಗೆ ಬಂದು, "ಪುಸ್ತಕ ಆದ್ರೆ ತಾ. ನನಗೆ ಓದ್ಲಿಕ್ಕೆ ನಿಧಾನ, ಆದ್ರೂ ನಾನೇ ಓದ್ತೇನೆ," ಎಂದಳು.

ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಪೆನ್ನು ತೆಗೆದು ಆ ತಬ್ಬಿಕೊಂಡ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ಅದನ್ನು ಬರೆಯಬೇಕಾದವಳು ನಾನಲ್ಲ.